ಹಳೆಯ ಪ್ಲೇಟುಗಳು ಮರಳಿ ಬಾರವೇಕೆ?

ಸ್ಕಂದಗಿರಿಯ ತಪ್ಪಲಿನ ಗ್ರಾಮವೊಂದರಿಂದ ನಮ್ಮ ಚಂದಾದಾರರೊಬ್ಬರು ನೀಳವಾದ ಪತ್ರವೊಂದನ್ನು ಬರೆದಿರುವರು. ಅವರ ತಾತಂದಿರು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರವನ್ನು ಮಾಡಿಕೊಂಡಿದ್ದವರಂತೆ. ಬೆಂಗಳೂರಿಗೆ ಹೋದಾಗಲೆಲ್ಲ ಒಂದೆರಡು ಗ್ರಾಮಫೋನ್ ಪ್ಲೇಟುಗಳನ್ನು ಪಂಚೆಯ ಮಡಿಕೆಯಲ್ಲಿ ಸುತ್ತಿ ಜೋಪಾನವಾಗಿ ತರುತ್ತಿದ್ದರಂತೆ. ಹೀಗೆ ಸೇರಿದ ಮೂವತ್ತಕ್ಕೆ ಮೇಲ್ಪಟ್ಟ ಪ್ಲೇಟುಗಳು ಈಗಲೂ ಅಟ್ಟದ ಮೇಲಿವೆ. ಕೀಲಿ ತಿರುವುವ ಪೆಟ್ಟಿಗೆ ಮಾತ್ರ ಕೆಟ್ಟು ಬಹುಕಾಲವಾಯಿತು. ಕಂಪನಿ ನಾಟಕದ ಹಾಡುಗಳು, ದೇವರನಾಮಗಳು, ಕೆಲವು ತೆಲುಗು ಪದ್ಯಗಳು ಅವುಗಳಲ್ಲಿವೆ. ಇವನ್ನೆಲ್ಲ ಮತ್ತೆ ಕೇಳಬೇಕೆಂಬ ಆಸೆಯಿಂದ ಅವರು ಅಂಗಡಿಗಳಲ್ಲಿ ವಿಚಾರಿಸಿದರು, ಮೊಬೈಲಿನಲ್ಲಿ ಹುಡುಕಿಸಿದರು. ಐದು ಹಾಡುಗಳು ದೊರೆತುವು. ಉಳಿದವುಗಳ ಸುಳಿವೇ ಇಲ್ಲ. "ಪ್ಲೇಟುಗಳನ್ನು ಮಾಡಿದ ಕಂಪನಿಯವರೇ ಇವನ್ನು ಇಂದಿನ ರೂಪದಲ್ಲಿ ಏಕೆ ಹೊರತರುವುದಿಲ್ಲ? ಇದು ಸೋಮಾರಿತನವೋ, ಅಥವಾ ಇನ್ನೇನಾದರೂ ಮರ್ಮವುಂಟೋ?" ಎಂದು ಕೇಳಿದ್ದಾರೆ. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಆಸಕ್ತನಾದ ಅವರ ಮಗನಿಗೂ ಇದೇ ದೂರು ಇದೆಯೆಂದೂ, ಅವನು ಬಯಸುವ ಕೆಲವು ಹಳೆಯ ಆಲ್ಬಮ್ಮುಗಳು ಎಲ್ಲಿಯೂ ಸಿಕ್ಕುವುದಿಲ್ಲವೆಂದೂ ಸೇರಿಸಿದ್ದಾರೆ.

ಚಿರಂಜೀವಿಯ ದೂರನ್ನು ಮೊದಲು ತೆಗೆದುಕೊಳ್ಳುತ್ತೇವೆ, ಏಕೆಂದರೆ ಅದಕ್ಕೆ ಉತ್ತರ ಸುಲಭ. ನೀಲ್ ಯಂಗ್ ಎಂಬ ಕೆನಡಾದ ಗಾಯಕನ 'ಆನ್ ದಿ ಬೀಚ್' 1974ರಲ್ಲಿ ಪ್ರಕಟವಾಯಿತು, ಅದು ಸಿ.ಡಿ.ಯ ರೂಪದಲ್ಲಿ ಬಂದುದು 2003ರಲ್ಲಿ. ಅದಕ್ಕೂ ಹಿಂದಿನ ವರ್ಷದ 'ಟೈಮ್ ಫೇಡ್ಸ್ ಅವೇ' ಎಂಬುದಂತೂ 2017ರವರೆಗೆ ಸಿ.ಡಿ.ಯ ಮುಖವನ್ನೇ ಕಾಣಲಿಲ್ಲ. ಅದನ್ನು ಹಾಡಿದವನಿಗೇ ಅದರ ಮೇಲೆ ಮನಸ್ಸಿರಲಿಲ್ಲ. ಕೊಳ್ಳುವವರು ಸಾವಿರಗಟ್ಟಲೆ ಕಾದಿದ್ದರೂ ಹೆತ್ತವನು ಒಲ್ಲೆನೆಂದರೆ ಮಾಡುವುದೇನು! ಬೇರೆ ಆಲ್ಬಮ್ಮುಗಳ ವಿಷಯದಲ್ಲಿ ಬೆಂಕಿಯೇ ಕಾರಣ. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಬಿದ್ದ ಬೆಂಕಿಯಲ್ಲಿ ಸಂಗೀತದ ಮೂಲ ಟೇಪುಗಳು ಅಪಾರವಾಗಿ ಸುಟ್ಟುಹೋದವೆಂಬ ಸಂಗತಿ ಹನ್ನೊಂದು ವರ್ಷಗಳಾದ ಮೇಲೆ, 2019ರಲ್ಲಿ, ಲೋಕಕ್ಕೆ ತಿಳಿಯಿತು.

ಇನ್ನು ತಂದೆಯವರ ಪ್ಲೇಟುಗಳ ಮಾತು. ಅವುಗಳ ಮೂಲ ಎಲ್ಲಿದೆ ಎಂಬುದೇ ಮೊದಲನೆಯ ತೊಡಕು. ಆ ಕಾಲದಲ್ಲಿ ಟೇಪು ಇರಲಿಲ್ಲ. 1925ರ ಸುಮಾರಿಗೆ ವಿದ್ಯುತ್ತಿನ ಮೈಕು ಬರುವವರೆಗೆ ಗಾಯಕರು ಒಂದು ದೊಡ್ಡ ಕೊಂಬಿನೊಳಕ್ಕೆ ಮುಖವಿಟ್ಟು ಕೂಗಿ ಹಾಡಬೇಕಾಗಿತ್ತು. ಆ ಧ್ವನಿಯ ಅಲುಗಾಟವು ಮೇಣದ ತಟ್ಟೆಯ ಮೇಲೆ ಗೀರಾಗಿ ಮೂಡುತ್ತಿತ್ತು. ಮೇಣದ ಮೇಲೆ ಲೋಹವನ್ನು ಲೇಪಿಸಿ ಬೆಳೆಸಿ ಅಚ್ಚುಗಳನ್ನು ಮಾಡುವರು. ಆ ಅಚ್ಚಿನಿಂದ ಅರಗಿನ ಪ್ಲೇಟುಗಳನ್ನು ಒತ್ತುವರು. ಒತ್ತಿ ಒತ್ತಿ ಅಚ್ಚು ಸವೆದಾಗ ಹೊಸದನ್ನು ಎತ್ತಬೇಕು. ಹಾಡಿನ ಬೇಡಿಕೆ ನಿಂತಿತೆಂದರೆ ಆ ತಾಮ್ರದ ಅಚ್ಚನ್ನು ಉಗ್ರಾಣದಲ್ಲಿ ಇಟ್ಟುಕೊಂಡು ಕಾಯುವುದರಿಂದ ವ್ಯಾಪಾರಿಗೆ ಲಾಭವೇನೂ ಇಲ್ಲ. ಆದುದರಿಂದ ಬಹುಪಾಲು ಹಳೆಯ ಹಾಡುಗಳಿಗೆ ಈಗ ಉಳಿದಿರುವ ಮೂಲವೆಂದರೆ ಯಾರದೋ ಮನೆಯಲ್ಲಿರುವ ಪ್ಲೇಟೇ. ಕಂಪನಿಯ ಬೀರುವಿನಲ್ಲಿ ಇಲ್ಲದುದನ್ನು ಕಂಪನಿಯು ಎಲ್ಲಿಂದ ತಂದು ಪ್ರಕಟಿಸೀತು?

ಪ್ಲೇಟನ್ನು ಮಾಡುತ್ತಿದ್ದ ಪದಾರ್ಥವೂ ಅದಕ್ಕೆ ಶತ್ರುವಾಯಿತು. ಮುತ್ತುಗವೇ ಮೊದಲಾದ ಮರಗಳ ರೆಂಬೆಗಳ ಮೇಲೆ ಅರಗಿನ ಹುಳು ಒಸರುವ ಅಂಟು ನಮ್ಮ ದೇಶದಿಂದಲೇ ಜಗತ್ತಿಗೆಲ್ಲ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಅಭಾವವುಂಟಾಗಿ, 1942ರಲ್ಲಿ ಅಮೇರಿಕೆಯ ಜನರು ಹಳೆಯ ಪ್ಲೇಟುಗಳನ್ನು ತಂದುಕೊಟ್ಟರೆ ಅವನ್ನು ಅರೆದು ಹೊಸವನ್ನು ಮಾಡುವ ಏರ್ಪಾಡಾಯಿತು. ಅಲ್ಲಿ ಎಷ್ಟು ಹಾಡುಗಳು ಪುಡಿಯಾದವೋ ಲೆಕ್ಕವಿಟ್ಟವರಿಲ್ಲ.

ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಸಂಗತಿಯನ್ನು ಇಲ್ಲಿ ಹೇಳದೆ ಮುಂದುವರಿಯಲಾರೆವು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಅವರ ಹಾಡುಗಳನ್ನು ಅಚ್ಚಿಗಿಳಿಸಿದರು. ಆಗ ಈ ದೇಶದಲ್ಲಿ ಪ್ಲೇಟು ಒತ್ತುವ ಕಾರ್ಖಾನೆಯಿರಲಿಲ್ಲ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹಾನೋವರಿಗೆ ಹೋಗಬೇಕಾಗಿತ್ತು. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ತಿಳಿಯಲೆಂದು ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದರು. ಕಲ್ಕತ್ತೆಯಲ್ಲಿ ಕಾರ್ಖಾನೆ ತೆರೆದುದು 1908ರಲ್ಲಿ. ಇದೇ ಗೌಹರ್ ಜಾನ್ ತಮ್ಮ ಕಡೆಯ ದಿನಗಳಲ್ಲಿ ನಮ್ಮ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹಾಡುಗಳನ್ನು ಇಂದು ಯಾರು ಬೇಕಾದರೂ ಕೇಳಬಹುದಾಗಿದ್ದರೆ, ಅದಕ್ಕೆ ಸಂಗ್ರಾಹಕರು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿಯೂ ಗುಜರಿಯಲ್ಲಿಯೂ ಆರಿಸಿ ತಂದು ಕಾಪಾಡಿದ ಪ್ಲೇಟುಗಳೇ ಬಹುಮಟ್ಟಿಗೆ ಕಾರಣ. ಇದನ್ನು ಮಾಡುವವರಿಲ್ಲದ ಕಡೆ ಏನಾಗುವುದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. 1934ರ ಮಾರ್ಚಿಯಲ್ಲಿ ತೆರೆಕಂಡ ನಮ್ಮ ಮೊದಲನೆಯ ವಾಕ್ಚಿತ್ರ 'ಸತಿ ಸುಲೋಚನಾ' ಇಂದು ನೋಡಲು ಉಳಿದಿಲ್ಲ.

ಪ್ಲೇಟು ಸಿಕ್ಕಿತೆನ್ನೋಣ. ಆಗ ಹಕ್ಕಿನ ಪ್ರಶ್ನೆ ಏಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಬಿಗಿಯಾದ ಗಂಟು ಇದೇ. 1957ರ ಕೃತಿಸ್ವಾಮ್ಯದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಅರುವತ್ತು ವರ್ಷಗಳು ಮಾತ್ರ ಇರುತ್ತದೆ. 1964ರಲ್ಲಿ ಪ್ರಕಟವಾದ ಪ್ಲೇಟಿನ ಹಕ್ಕು 2024ರ ಕೊನೆಯಲ್ಲಿ ತೀರಿತು. ಹಾಗಾದರೆ ತಾತಂದಿರ ಪ್ಲೇಟುಗಳೆಲ್ಲ ಬಿಡುಗಡೆಯಾದವಲ್ಲವೇ ಎಂದು ಕೇಳಬಹುದು. ಪ್ಲೇಟು ಬಿಡುಗಡೆಯಾಯಿತು, ನಿಜ. ಪ್ಲೇಟಿನೊಳಗಿನ ಪದ್ಯವು ಬಿಡುಗಡೆಯಾಗಿರಬೇಕೆಂದಿಲ್ಲ. ಕವಿಯ ಹಕ್ಕೂ ರಾಗ ಕೂಡಿಸಿದವರ ಹಕ್ಕೂ ಅವರವರ ಆಯುಷ್ಯವೆಲ್ಲ ಇದ್ದು, ಆಮೇಲೂ ಅರುವತ್ತು ವರ್ಷ ನಿಲ್ಲುತ್ತವೆ. ಪುರಂದರದಾಸರ ಪದವಾದರೆ ಕೇಳುವವರಿಲ್ಲ. ಕೈಲಾಸಂ 1946ರಲ್ಲಿ ಕಾಲವಾದರು. ಅವರ ಪದಗಳ ಹಕ್ಕು 2006ಕ್ಕೆ ಮುಗಿಯಿತು. ಬೇಂದ್ರೆಯವರು ತೀರಿಕೊಂಡುದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಉಂಟು. ಕುವೆಂಪು ಅವರದು 2054ರವರೆಗೆ. ಪಿ. ಕಾಳಿಂಗರಾಯರು ನಾಡಿನ ಮನೆಮನೆಯಲ್ಲಿ ಭಾವಗೀತೆಯ ರುಚಿಯನ್ನು ಹುಟ್ಟಿಸಿದವರು. ಅವರ ಕಾಲದ ಅಂಥ ಪ್ಲೇಟೊಂದನ್ನು ಮತ್ತೆ ಹೊರತರಬೇಕಾದರೆ ಒಂದೊಂದು ಹಾಡಿಗೂ ಒಬ್ಬೊಬ್ಬ ಕವಿಯ ಮನೆಯವರನ್ನು ಹುಡುಕಿಕೊಂಡು ಹೋಗಬೇಕು. ಪ್ಲೇಟಿನ ಲೇಬಲ್ಲಿನ ಮೇಲೆ ಕವಿಯ ಹೆಸರೇ ಇಲ್ಲದಿದ್ದರೆ ಆ ಹುಡುಕಾಟ ಎಲ್ಲಿಂದ ಮೊದಲಾಗಬೇಕು?

ಕ್ಯಾಸೆಟ್ಟಿನ ಕಾಲದಲ್ಲಿ ಈ ಗಂಟು ಇನ್ನೂ ಬಿಗಿಯಿತು. ನಮ್ಮ ಗಿರಿಗೆ ಸಮೀಪದ ದೇವನಹಳ್ಳಿಯಲ್ಲಿ ಹುಟ್ಟಿದ ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ರಾಗಕ್ಕೆ ಅಳವಡಿಸಿದ 'ನಿತ್ಯೋತ್ಸವ'ವು 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಭಾವಗೀತೆಗೆ ಹೊಸ ಯುಗವೇ ತೆರೆಯಿತು. ಅದರ ಬೆನ್ನಲ್ಲಿಯೇ ಚಿಕ್ಕದೊಡ್ಡ ಕಂಪನಿಗಳು ಹಲವು ಹುಟ್ಟಿದವು, ಹಲವು ಮುಚ್ಚಿದವು. ಮುಚ್ಚಿದ ಕಂಪನಿಯ ಹಕ್ಕುಪತ್ರ ಯಾರ ಪೆಟ್ಟಿಗೆಯಲ್ಲಿದೆ? ಅದರಲ್ಲಿ ಬರೆದಿದ್ದುದು ಕ್ಯಾಸೆಟ್ಟಿನ ಮಾತು. ಮೊಬೈಲಿನಲ್ಲಿ ಹಾಡು ಹರಿದು ಬರುವುದನ್ನು ಆಗ ಕನಸಿನಲ್ಲಿಯೂ ಕಂಡವರಿಲ್ಲ. 2012ರಲ್ಲಿ ಕಾನೂನಿಗೆ ತಂದ ತಿದ್ದುಪಡಿಯು, ಬರೆದುಕೊಟ್ಟ ಕಾಲದಲ್ಲಿ ಬಳಕೆಯಲ್ಲಿಲ್ಲದ ಸಾಧನಕ್ಕೆ ಆ ಬರಹ ಅನ್ವಯಿಸದೆಂದೂ, ಅದನ್ನು ಹೆಸರಿಟ್ಟು ಹೇಳಿದ್ದರೆ ಮಾತ್ರ ಅನ್ವಯಿಸುವುದೆಂದೂ ಹೇಳುತ್ತದೆ. ಇದು ಕವಿಗಳಿಗೂ ಸಂಗೀತಗಾರರಿಗೂ ಬಹುಕಾಲದ ಅನ್ಯಾಯವನ್ನು ನೀಗಿಸಿದ ಒಳ್ಳೆಯ ಕ್ರಮವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ನಾಲ್ಕಾರು ಮನೆಗಳಿಂದ ಒಪ್ಪಿಗೆಯನ್ನು ಬರೆಯಿಸಿಕೊಳ್ಳುವ ಖರ್ಚು ಹಾಡಿನಿಂದ ಬರುವ ಆದಾಯವನ್ನು ಮೀರುವುದಾದರೆ, ವ್ಯಾಪಾರಿಯು ಸುಮ್ಮನಿರುವುದೇ ಲೇಸೆಂದುಕೊಳ್ಳುವನು. ಹೀಗೆ ಯಾರೂ ಬೇಡವೆನ್ನದೆಯೇ ಹಾಡುಗಳು ಮರೆಯಾಗುತ್ತಿವೆ.

ದೊಡ್ಡ ಕಂಪನಿಗಳಲ್ಲಿ ಹಕ್ಕುಪತ್ರವಿದ್ದರೂ ಪಟ್ಟಿಯ ಅವಸ್ಥೆ ಬೇರೆ. ನಾಯಿಯ ಚಿತ್ರದ ಪ್ಲೇಟುಗಳ ಗ್ರಾಮಫೋನ್ ಕಂಪನಿ, ಕೊಲಂಬಿಯಾ, ಓಡಿಯನ್ ಎಂಬ ಹೆಸರುಗಳನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಮೂರೂ 1931ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದೇ ಒಡೆತನಕ್ಕೆ ಬಂದವು. ನಮ್ಮ ದೇಶದ ಗ್ರಾಮಫೋನ್ ಕಂಪನಿ ಕಾಲಾನಂತರ ಕೈಬದಲಿಸಿ ಈಗ ಸಾರೆಗಾಮ ಎಂಬ ಹೆಸರಿನಿಂದಿದೆ. ಇಷ್ಟು ಮನೆಗಳನ್ನು ಬದಲಾಯಿಸಿದ ಪಟ್ಟಿಯಲ್ಲಿ ಕನ್ನಡದ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಸಿಕ್ಕಿ ನಾನಾ ಅವತಾರಗಳನ್ನು ತಾಳಿದರೆ ಆಶ್ಚರ್ಯವಿಲ್ಲ. ನಮ್ಮ ಸೀಮೆಯ ಪಾಡಂತೂ ವಿಚಿತ್ರವಾದುದು. ಚಿಂತಾಮಣಿಯ ಕಡೆಯ ಕೈವಾರದ ನಾರೇಯಣ ತಾತನವರು ಕನ್ನಡ ತೆಲುಗುಗಳೆರಡರಲ್ಲಿಯೂ ಹಾಡಿದರು. ಇಲ್ಲಿಯ ಮನೆಗಳಲ್ಲಿ ಎರಡು ಭಾಷೆಯ ಪ್ಲೇಟುಗಳೂ ಒಂದೇ ಪೆಟ್ಟಿಗೆಯಲ್ಲಿರುತ್ತಿದ್ದುವು. ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಹೆಸರನ್ನು ಹೊತ್ತು, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿಯನ್ನು ಕಟ್ಟಿಸಿದ ನಾಗರತ್ನಮ್ಮನವರು ತೆಲುಗು ಕೃತಿಯನ್ನು ಹಾಡಿದರೆ ಆ ಪ್ಲೇಟು ಯಾರ ಪಾಲಿನದು? ಭಾಷೆಗೊಂದು ಕಪಾಟನ್ನು ಮಾಡಿಕೊಂಡಿರುವ ಮಾರಾಟಗಾರನಿಗೆ ಇಂಥವು ಎರಡು ಕಪಾಟುಗಳ ನಡುವೆ ಬಿದ್ದುಹೋಗುತ್ತವೆ.

ಮಾರಾಟದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಮೂರು ನಿಮಿಷದ ರಂಗಗೀತೆಯೊಂದನ್ನು ಚರಚರ ಸದ್ದಿನ ನಡುವೆ ಕೇಳುವವರು ಎಷ್ಟು ಮಂದಿ ಎಂಬುದನ್ನು ಓದುಗರೇ ಊಹಿಸಬಲ್ಲರು. ಆ ಸದ್ದನ್ನು ತೆಗೆಯುವ ಕೆಲಸವೂ ಸುಲಭವಲ್ಲ. ಹೆಚ್ಚು ತೆಗೆದರೆ ಹಾಡಿದವರ ಉಸಿರೂ ಅದರೊಡನೆ ಹೋಗುತ್ತದೆ. ವೇಗದ ತೊಂದರೆಯೂ ಉಂಟು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತೆಂಬುದು ಆಮೇಲೆ ನೆಲೆನಿಂತ ಲೆಕ್ಕ. ಮೊದಮೊದಲಿನ ಪ್ಲೇಟುಗಳು ಅದಕ್ಕಿಂತ ನಿಧಾನವಾಗಿಯೋ ಬೇಗನೆಯೋ ತಿರುಗುತ್ತಿದ್ದುವು. ಇದನ್ನು ಅರಿಯದೆ ತೆಗೆದ ಪ್ರತಿಯಲ್ಲಿ ಶ್ರುತಿಯೇರಿ, ಗಂಭೀರವಾದ ಶಾರೀರವು ಬಾಲಕನದಾಗುತ್ತದೆ. ಅಂಥದನ್ನು ಕೇಳಿ ಹಿಂದಿನ ವಿದ್ವಾಂಸರನ್ನು ಅಳೆಯುವವರನ್ನು ನಾವು ಕಂಡಿದ್ದೇವೆ.

ಈಗ ಪತ್ರ ಬರೆದವರ ಅಟ್ಟಕ್ಕೆ ಬರೋಣ. ಆ ಮೂವತ್ತು ಪ್ಲೇಟುಗಳಲ್ಲಿ ಒಂದೆರಡಾದರೂ ಬೇರೆಲ್ಲಿಯೂ ಉಳಿದಿಲ್ಲದವು ಇರಬಹುದು. ಆದುದರಿಂದ ಅವುಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿರೆಂದು ಮೊದಲು ಬೇಡಿಕೊಳ್ಳುತ್ತೇವೆ. ಒಂದರ ಮೇಲೊಂದು ಒಟ್ಟಿದ್ದರೆ ಕೆಳಗಿನವು ಸೀಳುತ್ತವೆ. ಪುಸ್ತಕಗಳಂತೆ ನೇರವಾಗಿ ನಿಲ್ಲಿಸಿಡತಕ್ಕದ್ದು. ಹೆಂಚಿನ ಕೆಳಗಿನ ಬೇಸಗೆಯ ಕಾವಿಗೆ ಅರಗು ಬಾಗುವುದರಿಂದ ಅಟ್ಟಕ್ಕಿಂತ ತಂಪಾದ ಕೋಣೆ ಮೇಲು. ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರಸಬಹುದು; ಕೊಳೆ ಬಹಳವಿದ್ದರೆ ಲೇಬಲ್ಲನ್ನು ನೆನೆಯಿಸದೆ ತಣ್ಣೀರಿನಿಂದ ತೊಳೆದು ಕೂಡಲೆ ಆರಿಸಬಹುದು. ಸ್ಪಿರಿಟ್ಟನ್ನು ಮಾತ್ರ ಮುಟ್ಟಿಸಕೂಡದು. ಅರಗು ಅದರಲ್ಲಿ ಕರಗುವುದೆಂಬುದನ್ನು ಬಡಗಿಯನ್ನು ಕೇಳಿದರೂ ಹೇಳುವನು. ಪೆಟ್ಟಿಗೆಯನ್ನು ರಿಪೇರಿ ಮಾಡಿಸಿದರೆ ಹಳೆಯ ಉಕ್ಕಿನ ಮುಳ್ಳನ್ನೇ ಮತ್ತೆ ಮತ್ತೆ ಬಳಸಬಾರದು. ಪ್ಲೇಟಿನ ಅರಗಿನಲ್ಲಿ ಕಲ್ಲುಪುಡಿ ಬೆರೆತಿರುವುದರಿಂದ ಮುಳ್ಳು ಬೇಗ ಸವೆಯುತ್ತದೆ, ಸವೆದ ಮುಳ್ಳು ಗೀರನ್ನು ಕೆರೆಯುತ್ತದೆ. ಈಗಿನ ಎಲ್.ಪಿ. ಯಂತ್ರದ ಮುಳ್ಳೂ ಆಗದು. ಈ ಪ್ಲೇಟಿನ ಗೀರು ಅಗಲವಾದುದರಿಂದ ಆ ಸಣ್ಣ ಮುಳ್ಳು ತಳದಲ್ಲಿ ಅಲೆದಾಡಿ ಸದ್ದನ್ನೇ ಹೆಚ್ಚಿಸುವುದು. ಇದಕ್ಕೆಂದೇ ಸಿಕ್ಕುವ ದಪ್ಪ ಮುಳ್ಳನ್ನು ಹಾಕಿಸಬೇಕು. ಕ್ಯಾಸೆಟ್ಟುಗಳಿರುವವರು ಬೂಷ್ಟು ಹಿಡಿದುದನ್ನು ಯಂತ್ರಕ್ಕೆ ಹಾಕದೆ, ತಿಳಿದವರ ಕೈಗೆ ಕೊಡುವುದು ಉತ್ತಮ.

ಒಂದು ನೋಟ್ ಪುಸ್ತಕದಲ್ಲಿ ಪ್ಲೇಟಿನ ಕಂಪನಿ, ಲೇಬಲ್ಲಿನ ಮೇಲಿನ ಹೆಸರುಗಳು ಮತ್ತು ನಂಬರು, ಲೇಬಲ್ಲಿನ ಸುತ್ತ ಅರಗಿನಲ್ಲಿಯೇ ಒತ್ತಿರುವ ಸಣ್ಣ ನಂಬರು, ಇವನ್ನು ಬರೆದಿಡಿರಿ. ಧ್ವನಿಮುದ್ರಣವಾದ ಕಾಲವನ್ನು ಬಲ್ಲವರು ಊಹಿಸುವುದು ಬಹುಮಟ್ಟಿಗೆ ಆ ಸಣ್ಣ ನಂಬರಿನಿಂದಲೇ. 1982ರಲ್ಲಿ ಸ್ಥಾಪಿತವಾಗಿ ಈಗ ಗುರುಗ್ರಾಮದಲ್ಲಿರುವ ಅಮೇರಿಕನ್ ಭಾರತಾಧ್ಯಯನ ಸಂಸ್ಥೆಯ ಸಂಗೀತ ಸಂಗ್ರಹಾಗಾರಕ್ಕೂ, ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಭಾರತೀಯ ಸಂಗೀತದ ವಸ್ತುಸಂಗ್ರಹಾಲಯಕ್ಕೂ ಈ ಪಟ್ಟಿಯನ್ನು ಕಳುಹಿಸಿ ವಿಚಾರಿಸಬಹುದು. ಪ್ಲೇಟನ್ನೇ ಕೊಟ್ಟುಬಿಡಬೇಕೆಂದಿಲ್ಲ, ಪ್ರತಿಯನ್ನು ತೆಗೆಯಿಸಿಕೊಳ್ಳಲು ಅವಕಾಶವುಂಟೇ ಎಂದು ಮೊದಲು ಕೇಳಬೇಕು. ಮನೆಯವರು ಕೇಳುವುದಕ್ಕಾಗಿ ಮನೆಯ ಪ್ಲೇಟಿನಿಂದ ಪ್ರತಿ ತೆಗೆದುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದನ್ನು ಊರಿಗೆಲ್ಲ ಹಂಚಬೇಕೆಂದಾಗ ಮಾತ್ರ ಮೇಲೆ ಹೇಳಿದ ವರ್ಷಗಳ ಲೆಕ್ಕವನ್ನು ಹಾಕಿ ನೋಡತಕ್ಕದ್ದು. ಮನೆಯಲ್ಲಿ ಹಿರಿಯರಿದ್ದರೆ, ಪಟ್ಟಿ ಮಾಡುವಾಗ ಅವರನ್ನು ಹತ್ತಿರ ಕೂಡಿಸಿಕೊಳ್ಳಿರಿ. ಲೇಬಲ್ಲಿನಲ್ಲಿ ಬರೆಯದ ನಾಟಕದ ಹೆಸರನ್ನೂ ಪಾತ್ರದ ಹೆಸರನ್ನೂ ಹೇಳಬಲ್ಲವರು ಅವರೊಬ್ಬರೇ.