ಕಿಲೋ ಲೆಕ್ಕಕ್ಕೆ ಸಿಗದ ವಿಷ

ಕೃಷಿ ವಿಚಾರಸಂಕಿರಣಗಳಲ್ಲಿ ಕೀಟನಾಶಕದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಒಂದು ಅಂಕಿಯನ್ನು ಎತ್ತಿ ಹಿಡಿಯುತ್ತಾರೆ: ಭಾರತದ ರೈತ ಬಳಸುವುದು ಹೆಕ್ಟೇರಿಗೆ ಸರಾಸರಿ 0.6 ಕಿಲೋ, ಚೀನಾದವರು 13 ಕಿಲೋ. ಅಲ್ಲಿಗೆ ಚರ್ಚೆ ಮುಗಿಯಿತು, ಊಟಕ್ಕೆ ಏಳಬಹುದು. ನೆಲಕ್ಕೆ ಎಷ್ಟು ತೂಕದ ರಾಸಾಯನಿಕ ಬಿತ್ತು ಎಂದಷ್ಟೇ ಹೇಳುವ ಈ ಅಂಕಿ, ಅಲ್ಲಿದ್ದ ಜೇನು, ಕಪ್ಪೆ, ಎರೆಹುಳುಗಳ ಗತಿ ಏನಾಯಿತು ಎಂಬ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ನಾಗರಹಾವನ್ನೂ ಕೇರೆಹಾವನ್ನೂ ತಕ್ಕಡಿಗೆ ಹಾಕಿ, ಭಾರ ಇದ್ದದ್ದೇ ಅಪಾಯಕಾರಿ ಎಂದು ತೀರ್ಮಾನಿಸಿದ ಹಾಗಾಯಿತು.

ಭತ್ತದ ಕಾಂಡಕೊರಕಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವ ಕ್ಲೋರಾಂಟ್ರಾನಿಲಿಪ್ರೋಲ್ ಬಾಟಲಿಯನ್ನೇ ನೋಡಿ. ಎಕರೆಗೆ 60 ಮಿ.ಲೀ. ಸಾಕು, ಅದರಲ್ಲಿರುವ ಅಸಲು ವಿಷ 12 ಗ್ರಾಂ ಮಾತ್ರ. ಲೇಬಲ್ಲಿನ ಮೇಲೆ ಹಸಿರು ತ್ರಿಕೋನ. ಈ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ನಿರ್ಧಾರವಾಗುವುದು ಇಲಿಯಂಥ ಪ್ರಯೋಗಾಲಯದ ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಗಳಿಂದ. ಹಸಿರು ಬಣ್ಣ ಕಂಡ ರೈತ ನಿಶ್ಚಿಂತನಾಗುತ್ತಾನೆ, ಅವನ ಮೈಗೆ ಸಂಬಂಧಿಸಿದಂತೆ ಅದು ಬಹುಮಟ್ಟಿಗೆ ಸರಿ ಕೂಡ. ಆದರೆ ಗದ್ದೆಯ ನಿಂತ ನೀರಿನಲ್ಲಿ ಈಜುವ ಡ್ಯಾಫ್ನಿಯಾ ಎಂಬ ಕಾಳಿನಷ್ಟೂ ಇಲ್ಲದ ಜೀವಿಗೆ, ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂನ ನೂರನೇ ಒಂದು ಭಾಗದಷ್ಟು ಬೆರೆತರೂ ಇದು ಮಾರಕ. ಮೀನಿನ ಮರಿಗಳು ತಿಂದು ಬೆಳೆಯುವುದು ಇಂಥವನ್ನೇ. ಹಿಂದೆ ನೂರಾರು ಗ್ರಾಂ ಮೊನೊಕ್ರೊಟೊಫಾಸ್ ಸುರಿಯುತ್ತಿದ್ದ ಗದ್ದೆಗೆ ಈಗ ಬೀಳುವುದು ಹೆಕ್ಟೇರಿಗೆ 30 ಗ್ರಾಂ. ಸರ್ಕಾರಿ ಪಟ್ಟಿಯಲ್ಲಿ ಇದು ಭಾರೀ ಇಳಿಕೆ. ನೀರಿನ ಹುಳುಗಳನ್ನು ಆ ಪಟ್ಟಿಗೆ ಸೇರಿಸಿಕೊಂಡವರಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ 1992ರಿಂದ 2016ರವರೆಗಿನ ಬಳಕೆಯನ್ನು ಜರ್ಮನಿಯ ವಿಜ್ಞಾನಿಗಳು ತೂಕ ಬಿಟ್ಟು ವಿಷದ ತೀವ್ರತೆಯಲ್ಲಿ ಅಳೆದು, 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೀಟನಾಶಕದ ತೂಕ ಸುಮಾರು ಶೇ. 40ರಷ್ಟು ಕುಸಿದಿತ್ತು, ಹಕ್ಕಿಗಳಿಗೂ ಸಸ್ತನಿಗಳಿಗೂ ಬೀಳುವ ವಿಷದ ಹೊರೆ ತಗ್ಗಿತ್ತು. ಅದೇ ಹೊತ್ತಿಗೆ ಪರಾಗಸ್ಪರ್ಶಿಗಳ ಮತ್ತು ನೀರಿನ ಅಕಶೇರುಕಗಳ ಮೇಲಿನ ಹೊರೆ 2005ರ ನಂತರದ ಒಂದೇ ದಶಕದಲ್ಲಿ ಇಮ್ಮಡಿ ಮೀರಿತ್ತು. 

ಸರಾಸರಿ ಎಂಬುದೂ ಇನ್ನೊಂದು ಮುಸುಕು. ಔಷಧಿಯನ್ನೇ ಕಾಣದ ಕೋಲಾರದ ಮಳೆಯಾಶ್ರಿತ ರಾಗಿ ಹೊಲವನ್ನೂ, ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಮತ್ತೆ ಮತ್ತೆ ಔಷಧಿ ಹೊಡೆಯುವ ವಿಜಯಪುರದ ದ್ರಾಕ್ಷಿ ತೋಟವನ್ನೂ ಕೂಡಿಸಿ ಭಾಗಿಸಿದರೆ ಬರುವುದು ಎಲ್ಲೂ ಇಲ್ಲದ ಒಂದು ಹೆಕ್ಟೇರು. ಇಂಥ ಲೆಕ್ಕದಲ್ಲಿ ಕಾಸರಗೋಡು ಕಾಣುವುದೇ ಇಲ್ಲ. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎರಡು ದಶಕಗಳ ಕಾಲ ಎಂಡೋಸಲ್ಫಾನ್ ಸುರಿಯಿತು. ಕರುಗಳು ವಿರೂಪಗೊಂಡು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದಿದ್ದರು. ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಕೆಲವು ಸಾವಿರ ಹೆಕ್ಟೇರಿನ ದುರಂತವನ್ನು ರಾಷ್ಟ್ರೀಯ ಸರಾಸರಿಯಲ್ಲಿ ಕರಗಿಸಿ, ನಾವು ಜಗತ್ತಿನಲ್ಲೇ ಮಿತವ್ಯಯಿಗಳು ಎಂದು ಬೀಗುವುದು ಅಜ್ಞಾನವಾಗಿದ್ದರೆ ಕ್ಷಮಿಸಬಹುದಿತ್ತು. ಅದನ್ನು ಹೇಳುವವರಲ್ಲಿ ಅನೇಕರಿಗೆ ಕಾಸರಗೋಡು ಚೆನ್ನಾಗಿ ಗೊತ್ತು.

ವಿಷದ ಹೊರೆಯನ್ನು ಅಳೆಯುವ ವಿಧಾನಕ್ಕೂ ಆಕ್ಷೇಪಗಳಿವೆ, ಅವು ತಳ್ಳಿಹಾಕುವಂಥವಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾಗುವುದು ಹೆಜ್ಜೇನೋ ತುಡುವೆಯೋ ಅಲ್ಲ, ಯುರೋಪಿನ ಜೇನು. ಹೊಲದಲ್ಲಿ ಒಂದೇ ಟ್ಯಾಂಕಿಗೆ ಎರಡು ಮೂರು ಔಷಧಿ ಬೆರೆಸುತ್ತಾರೆ. ಬೆರಕೆಯ ಪರಿಣಾಮ ಯಾವ ಸೂಚ್ಯಂಕದಲ್ಲೂ ಸರಿಯಾಗಿ ಕೂರುವುದಿಲ್ಲ. ತೂಕ ಅಳೆಯುವುದಾದರೆ ಸುಲಭ, ದೇಶದೇಶಗಳ ನಡುವೆ ಹೋಲಿಕೆಗೂ ಅನುಕೂಲ. ಇಷ್ಟಾದರೂ ವಿಷದ ಹೊರೆಯ ಒರಟಾದ ಅಳತೆಯಿಂದಲೇ ಕೆಲಸ ತೆಗೆದವರಿದ್ದಾರೆ. ಡೆನ್ಮಾರ್ಕ್ 2013ರಿಂದ ಕೀಟನಾಶಕದ ತೆರಿಗೆಯನ್ನು ಅದು ಆರೋಗ್ಯ ಮತ್ತು ಪರಿಸರದ ಮೇಲೆ ಹೇರುವ ಹೊರೆಗೆ ತಕ್ಕಂತೆ ವಿಧಿಸುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಯಾವ ಬೆಳೆಗೆ, ಯಾವ ದಿನ, ಯಾವ ಚದರ ಮೈಲಿಯಲ್ಲಿ ಎಷ್ಟು ಹೊಡೆದರು ಎಂಬ ವರದಿ ಕಡ್ಡಾಯ. 2022ರ ಕುನ್ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದವೂ 2030ರೊಳಗೆ ಅರ್ಧಕ್ಕಿಳಿಸಬೇಕೆಂದು ಹೇಳಿರುವುದು ಕೀಟನಾಶಕಗಳ ಅಪಾಯವನ್ನು. ಭಾರತವೂ ಅದಕ್ಕೆ ಒಪ್ಪಿದೆ.

ಸಣ್ಣ ಹಿಡುವಳಿಯ ರೈತ ಇಷ್ಟೆಲ್ಲ ಬರೆದಿಡುವುದು ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಕರ್ನಾಟಕದಲ್ಲಿ ಸರ್ವೆ ನಂಬರ್‌ವಾರು ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್‌ನಲ್ಲೇ ನಡೆಯುತ್ತಿದೆ. ಅದಕ್ಕೆ ಔಷಧಿಯ ಕಲಮೊಂದನ್ನು ಸೇರಿಸಲು ಹೊಸ ಇಲಾಖೆಯೇನೂ ಬೇಕಿಲ್ಲ. ಸಬ್ಸಿಡಿಯ ಕಾರಣಕ್ಕೆ ಒಂದು ಚೀಲ ಯೂರಿಯಾ ಕೊಳ್ಳಲು ರೈತ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ಪಕ್ಕದ ಕಪಾಟಿನ ಕೀಟನಾಶಕದ ಬಾಟಲಿ ಯಾವ ಹೊಲಕ್ಕೆ ಹೋಯಿತೆಂದು ಕೇಳುವವರಿಲ್ಲ.