ಹೊಸ ಪುಸ್ತಕವೆಂದರೆ ಯಾವುದು?

ವರ್ಷಾಂತ್ಯ ಸಮೀಪಿಸಿದಂತೆ ‘ಓದಲೇಬೇಕಾದ ಹತ್ತು ಹೊಸ ಪುಸ್ತಕಗಳು’ ಎಂಬ ಪಟ್ಟಿಗಳು ಎಲ್ಲೆಡೆ ಕಾಣಿಸಿಕೊಳ್ಳುತ್ತವೆ. ಕಥೆ, ಕಾದಂಬರಿಗಳ ಮಾತು ಬೇರೆ. ಅಲ್ಲಿ ಓದುಗನ ರುಚಿಯೇ ಪ್ರಮಾಣ. ಇತಿಹಾಸ, ಸಮಾಜ, ವಿಜ್ಞಾನಗಳನ್ನು ಕುರಿತ ಸೃಜನೇತರ ಕೃತಿಗಳ ವಿಷಯ ಹಾಗಲ್ಲ. ಅಂಥ ಕೃತಿಯನ್ನು ಓದಿರೆಂದು ಹೇಳುವವನು ಅದರ ಸತ್ಯಕ್ಕೆ ಜಾಮೀನು ನಿಂತಂತೆ. ನಮ್ಮ ಪಟ್ಟಿಕಾರರು ಈ ಹೊಣೆಯನ್ನು ಹೊರುತ್ತಿಲ್ಲವೆಂಬುದೇ ನನ್ನ ಆಕ್ಷೇಪ. ಅವರು ನೋಡುವುದು ಮುದ್ರಣದ ವರ್ಷವನ್ನು ಮಾತ್ರ.

ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ 1902ರಲ್ಲಿಯೂ ಸೊರಬದವನ್ನು 8ನೆಯ ಸಂಪುಟದಲ್ಲಿ 1904ರಲ್ಲಿಯೂ ಪ್ರಕಟಿಸಿದರು. ಈ ಸೀಮೆಯನ್ನು ಕುರಿತು ಇಂದಿಗೂ ಬರುವ ಹಲವು ‘ಹೊಸ’ ಪುಸ್ತಕಗಳು ಅದೇ ಸಂಪುಟಗಳ ಸಾರಾಂಶಕ್ಕೆ ಬೇರೊಂದು ರಕ್ಷಾಪುಟ ತೊಡಿಸಿದವು. ಸಾರಾಂಶವಾದರೂ ಪೂರ್ಣವೇ? ಅದೂ ಇಲ್ಲ. ಶೈವಾಭಿಮಾನಿಗಳ ಪುಸ್ತಕದಲ್ಲಿ ಬಳ್ಳಿಗಾವೆ ಶೈವಕ್ಷೇತ್ರ ಮಾತ್ರ. ನಮ್ಮವರ ಸ್ಮರಣಸಂಚಿಕೆಗಳಲ್ಲಿ ಜೈನಕೇಂದ್ರ ಮಾತ್ರ.

ಕಲ್ಲು ಹೇಳುವುದೇ ಬೇರೆ. ಬಳ್ಳಿಗಾವೆಯ ಕೋಡಿಯಮಠ ಕಾಳಾಮುಖ ಶೈವರದು. 1162ರ ಶಾಸನದ ಪ್ರಕಾರ ಅಲ್ಲಿ ಪಾಣಿನಿಯ ವ್ಯಾಕರಣದೊಡನೆ ಶಾಕಟಾಯನ ವ್ಯಾಕರಣಕ್ಕೂ, ನ್ಯಾಯ ಸಾಂಖ್ಯಗಳೊಡನೆ ಬೌದ್ಧದರ್ಶನಕ್ಕೂ ವ್ಯಾಖ್ಯಾನ ನಡೆಯುತ್ತಿತ್ತು. ಕ್ಷಪಣಕರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ರಾಣಿ ಮಾಳಲದೇವಿ 1077ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಪ್ರತಿಷ್ಠೆ ಮಾಡಿಸಿ, ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿದಳು. ಬಸದಿಗೆ ‘ಬ್ರಹ್ಮಜಿನಾಲಯ’ವೆಂದೇ ಹೆಸರಾಯಿತು. ಈ ಎರಡು ಶಾಸನಗಳಲ್ಲಿ ಒಂದನ್ನು ಎತ್ತಿ ಇನ್ನೊಂದನ್ನು ಮರೆಸುವ ಪುಸ್ತಕ ನಿನ್ನೆ ಅಚ್ಚಾಗಿದ್ದರೂ ಹಳತೇ.

ಹಾಗಾದರೆ ಶಿಫಾರಸು ಮಾಡತಕ್ಕದ್ದು ಯಾವುದನ್ನು? ತನ್ನ ಆಧಾರವನ್ನು ತೋರುವ, ಎದುರುಸಾಕ್ಷ್ಯವನ್ನು ಮುಚ್ಚಿಡದ, ಓದುಗ ತಾನೇ ಪರೀಕ್ಷಿಸಬಲ್ಲ ಕೃತಿಯನ್ನು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರದು. ಕಲ್ಲನ್ನು ಓದುವ ಕ್ರಮವನ್ನು ಕಲಿಸುವುದರಿಂದ ಅದು ಇನ್ನೂ ಹೊಸದು. ಷ. ಶೆಟ್ಟರ್ ಅವರ ‘ಪ್ರಾಕೃತ ಜಗದ್ವಲಯ’ 2018ರದು. ಪ್ರಾಕೃತ, ಸಂಸ್ಕೃತ, ಕನ್ನಡಗಳ ಸಂಬಂಧವನ್ನು ಚರ್ಚಿಸುವ ಆ ಕೃತಿಯನ್ನು ಓದಿದ ಶಿಕಾರಿಪುರದವರು ಮಳವಳ್ಳಿಯ ಪ್ರಾಕೃತ ಶಾಸನದ ಕಂಬವನ್ನು ನೋಡಿ, ಬಳಿಕ ಕವಿ ಕುಬ್ಜನ ಸಂಸ್ಕೃತ ಕಾವ್ಯವನ್ನು ಹೊತ್ತ ತಾಳಗುಂದದ ಕಂಬದೆದುರು ನಿಲ್ಲಲಿ. ಒಂದೇ ತಾಲ್ಲೂಕಿನೊಳಗೆ ರಾಜಶಾಸನದ ಭಾಷೆ ಬದಲಾದುದು ಅವರ ಕಣ್ಣಿಗೇ ಕಾಣುತ್ತದೆ. ಆಂಗ್ಲದಲ್ಲಿ ಓದುವವರಿಗೆ ಅನಿರುದ್ಧ ಕನಿಸೆಟ್ಟಿಯವರ ‘ಲಾರ್ಡ್ಸ್ ಆಫ್ ದ ಡೆಕ್ಕನ್’ (2022) ಇದೆ. ಚಾಲುಕ್ಯ, ರಾಷ್ಟ್ರಕೂಟ, ಚೋಳರ ಕಥನವನ್ನು ವಿಶಾಲ ಓದುಗವರ್ಗಕ್ಕೆ ತಲುಪಿಸುವ ಆ ಕೃತಿಯನ್ನೂ ಇದೇ ಒರೆಗೆ ಹಚ್ಚಿ ಓದಬೇಕು, ನಮ್ಮವರದನ್ನೂ ಅಷ್ಟೇ.

ಸಾಮಾನ್ಯ ಓದುಗನಿಗೆ ಆಧಾರ, ಅಡಿಟಿಪ್ಪಣಿಗಳ ಗೊಡವೆ ಬೇಡವೆನ್ನುವವರಿದ್ದಾರೆ. ಇದು ಓದುಗನ ಮೇಲಿನ ಕರುಣೆಯಲ್ಲ, ತಾತ್ಸಾರ. ತನ್ನ ಹೊಲದ ಬದುವಿನ ವೀರಗಲ್ಲು ಯಾರದೆಂದು ಕೇಳುವ ರೈತ ಕುತೂಹಲಿಯಲ್ಲವೇ? ‘ಯಾರೋ ಶೂರನದು’ ಎಂಬ ಉತ್ತರ ಅವನಿಗೆ ಸಾಲದು. ಹೆಸರು, ಕಾಳಗ, ಕಾಲ ಬೇಕು, ಹಾಗೆಂದು ಹೇಳಲು ಏನಾಧಾರವೆಂಬುದೂ ಬೇಕು.

ಆದ್ದರಿಂದ ಪಟ್ಟಿಕಾರರಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಹೆಸರಿನ ಮುಂದೆ ಎರಡು ವಾಕ್ಯ ಬರೆಯಿರಿ. ನಮಗೆ ತಿಳಿಯದಿದ್ದ ಯಾವ ಸಂಗತಿಯನ್ನು ಇದು ಹೇಳುತ್ತದೆ? ಯಾವ ಆಧಾರದ ಮೇಲೆ? ಆ ಎರಡು ವಾಕ್ಯ ಬರೆಯಲಾಗದಿದ್ದರೆ ಹೆಸರನ್ನು ತೆಗೆದುಬಿಡಿ. ಪಟ್ಟಿ ಹತ್ತರಿಂದ ಮೂರಕ್ಕಿಳಿದರೂ ಚಿಂತೆಯಿಲ್ಲ.