ಸೋತು ತೋಟಕ್ಕೆ ಹೋದ ಅಧ್ಯಕ್ಷ

1967ರ ಜೂನ್ 10ರಂದು ಸೋಮಾಲಿಯಾದ ರಾಜಧಾನಿ ಮೊಗದಿಶುವಿನ ಸಂಸತ್ತಿನಲ್ಲಿ ರಾಷ್ಟ್ರಾಧ್ಯಕ್ಷರ ಆಯ್ಕೆ ನಡೆಯಿತು. ಹಾಲಿ ಅಧ್ಯಕ್ಷ ಆದನ್ ಅಬ್ದುಲ್ಲಾ ಉಸ್ಮಾನ್ ಅವರಿಗೆ ಬಿದ್ದದ್ದು 50 ಮತ. ಎದುರಾಳಿ ಅಬ್ದಿರಶೀದ್ ಅಲಿ ಶೆರ್ಮಾರ್ಕೆಗೆ 73. ಗೆದ್ದವರು ಹೊರಗಿನವರೇನಲ್ಲ. ಆದನ್ ಅವರ ಪ್ರಧಾನಿಯಾಗಿದ್ದವರು, 1964ರ ಚುನಾವಣೆಯ ನಂತರ ಆದನ್ ಅವರೇ ಬದಿಗಿಟ್ಟಿದ್ದವರು. ಅಂಥವರ ಕೈಗೆ ಅಧಿಕಾರ ಒಪ್ಪಿಸುವುದು ಎಷ್ಟು ಕಹಿಯಾಗಿದ್ದಿರಬೇಕು! ಆದರೂ ಒಪ್ಪಿಸಿದರು. ಸೇನೆಯನ್ನು ಕರೆಯಲಿಲ್ಲ, ಮತಪೆಟ್ಟಿಗೆಯ ಮೇಲೆ ಗುಮಾನಿ ಎಬ್ಬಿಸಲಿಲ್ಲ. ಸ್ವತಂತ್ರ ಆಫ್ರಿಕಾದಲ್ಲಿ ಮತದಲ್ಲಿ ಸೋತು ಶಾಂತಿಯಿಂದ ಕೆಳಗಿಳಿದ ಮೊದಲ ರಾಷ್ಟ್ರಾಧ್ಯಕ್ಷ ಎಂದು ಇತಿಹಾಸ ಅವರನ್ನು ಗುರುತಿಸುತ್ತದೆ.

ಆ ಹೊತ್ತಿನ ಆಫ್ರಿಕಾ ಹೇಗಿತ್ತು ಎಂಬುದನ್ನು ಮರೆಯಬಾರದು. ಟೋಗೋದ ಅಧ್ಯಕ್ಷ ಒಲಿಂಪಿಯೊ 1963ರಲ್ಲಿ ಗುಂಡಿಗೆ ಬಲಿಯಾಗಿದ್ದರು. 1966ರ ಜನವರಿಯಲ್ಲಿ ನೈಜೀರಿಯಾದಲ್ಲಿ, ಫೆಬ್ರವರಿಯಲ್ಲಿ ಘಾನಾದಲ್ಲಿ ಸೈನಿಕರು ಸರ್ಕಾರ ಉರುಳಿಸಿದ್ದರು. ಕುರ್ಚಿ ಬಿಟ್ಟರೆ ಜೀವವೂ ಹೋದೀತು ಎಂದು ನಾಯಕರು ಹೆದರುತ್ತಿದ್ದ ಕಾಲ ಅದು.

ಆದನ್ ಹುಟ್ಟಿದ್ದು 1908ರಲ್ಲಿ, ಶಬೆಲ್ಲೆ ನದಿ ದಂಡೆಯ ಬೆಲೆದ್‌ವೇಯ್ನೆಯಲ್ಲಿ. ಇಟಲಿಯ ವಸಾಹತು ಆಡಳಿತದಲ್ಲಿ ನೌಕರಿ ಮಾಡಿ, ಆಮೇಲೆ ಸೋಮಾಲಿ ಯುವ ಲೀಗ್ ಸೇರಿದರು. 1943ರ ಮೇ 15ರಂದು ಹದಿಮೂರು ಯುವಕರು ಕಟ್ಟಿದ ಸಂಘಟನೆ ಅದು. ಕುಲ ಕುಲಗಳಾಗಿ ಒಡೆದ ಸಮಾಜದಲ್ಲಿ ಕುಲದ ಹೆಸರೆತ್ತದೆ ರಾಜಕಾರಣ ಮಾಡಲು ಹೊರಟಿತ್ತು. 1956ರಲ್ಲಿ ಆದನ್ ಶಾಸನಸಭೆಯ ಅಧ್ಯಕ್ಷರಾದರು. 1960ರ ಜೂನ್ 26ರಂದು ಬ್ರಿಟಿಷ್ ಸೋಮಾಲಿಲ್ಯಾಂಡ್ ಸ್ವತಂತ್ರವಾಯಿತು. ಜುಲೈ 1ರಂದು ಇಟಲಿಯ ಕೈಯಲ್ಲಿದ್ದ ದಕ್ಷಿಣ ಭಾಗವೂ ಬಿಡುಗಡೆಗೊಂಡು ಎರಡೂ ಒಂದಾದವು. ಆ ಹೊಸ ಗಣರಾಜ್ಯದ ಮೊದಲ ಅಧ್ಯಕ್ಷರಾದ ಅವರನ್ನು ಜನ ಆದನ್ ಅದ್ದೆ ಎಂದೇ ಕರೆದರು.

ಅವರ ಆಡಳಿತದಲ್ಲಿ ತಪ್ಪೇ ಇರಲಿಲ್ಲ ಎಂದು ನಾನು ಹೇಳಲಾರೆ. ಇಥಿಯೋಪಿಯಾ, ಕೀನ್ಯಾ, ಜಿಬೂಟಿಯ ಸೋಮಾಲಿಗಳೆಲ್ಲ ಒಂದೇ ಧ್ವಜದಡಿ ಬರಬೇಕೆಂಬ ಹಟ ಅವರಿಗೂ ಇತ್ತು. 1963ರಲ್ಲಿ ಅಡಿಸ್ ಅಬಾಬಾದ ಆಫ್ರಿಕನ್ ಶೃಂಗಸಭೆಯಲ್ಲಿ ಆ ಮಾತನ್ನೇ ಎತ್ತಿದರು. ಮರುವರ್ಷ ಇಥಿಯೋಪಿಯಾದ ಗಡಿಯಲ್ಲಿ ಗುಂಡು ಹಾರಿತು. ಆ ಕನಸಿಗೆ ಸೋಮಾಲಿಯಾ ಮುಂದೆ ತೆತ್ತ ಬೆಲೆ ಬಹಳ ದೊಡ್ಡದು.

ಆದರೆ ನಿಯಮದ ವಿಷಯದಲ್ಲಿ ಅವರು ಅಲುಗಲಿಲ್ಲ. 1964ರಲ್ಲಿ ಅವರು ಆರಿಸಿದ ಪ್ರಧಾನಿ ಅಬ್ದಿರಿಜಾಕ್ ಹಾಜಿ ಹುಸೇನ್ ಮೊದಲ ಸಲ ವಿಶ್ವಾಸಮತ ಗಳಿಸಲಿಲ್ಲ. ಅಧ್ಯಕ್ಷರು ಸಂಸತ್ತನ್ನು ಬೆದರಿಸಲಿಲ್ಲ. ಅದೇ ವ್ಯಕ್ತಿಯನ್ನು ಮತ್ತೆ ಸೂಚಿಸಿ ಸಂಸತ್ತಿನ ಮುಂದೆಯೇ ನಿಲ್ಲಿಸಿದರು. ಎರಡನೇ ಸಲ ಒಪ್ಪಿಗೆ ಸಿಕ್ಕಿತು. ಭ್ರಷ್ಟ ಅಧಿಕಾರಿಗಳನ್ನು ಮನೆಗೆ ಕಳಿಸಿದ ಸರ್ಕಾರ ಅದು. ಆ ಕೆಲಸದಿಂದ ಹುಟ್ಟಿದ ಹಗೆಯೂ 1967ರ ಸೋಲಿನಲ್ಲಿ ತನ್ನ ಪಾಲು ಪಡೆಯಿತು ಎಂದೇ ನನ್ನ ನಂಬಿಕೆ.

ಸೋತವರು ಸೌಜನ್ಯ ತೋರಿದರೆ ಸಾಲದು, ಗೆದ್ದವರೂ ಎದುರಿಗೊಬ್ಬರನ್ನು ಉಳಿಸಿಕೊಳ್ಳಬೇಕು. ಸೋಮಾಲಿಯಾ ಎಡವಿದ್ದು ಅಲ್ಲಿಯೇ. 1969ರ ಮಾರ್ಚ್ ಚುನಾವಣೆಯಲ್ಲಿ 123 ಸ್ಥಾನಗಳಿಗೆ ಅರವತ್ತಕ್ಕೂ ಹೆಚ್ಚು ಪಕ್ಷಗಳು, ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳು. ಬಹುತೇಕ ಪಕ್ಷಗಳು ಒಂದೊಂದು ಕುಲದ ಮುಖವಾಡ. ಫಲಿತಾಂಶ ಬಂದದ್ದೇ ತಡ, ಗೆದ್ದ ವಿರೋಧ ಪಕ್ಷದವರೆಲ್ಲ ಸಾಲುಗಟ್ಟಿ ಆಡಳಿತ ಪಕ್ಷಕ್ಕೆ ಹಾರಿದರು. ವಿರೋಧದ ಬೆಂಚಿನಲ್ಲಿ ಕೊನೆಗೆ ಉಳಿದವರು ಒಬ್ಬರೇ, ಮಾಜಿ ಪ್ರಧಾನಿ ಅಬ್ದಿರಿಜಾಕ್. ಅಕ್ಟೋಬರ್ 15ರಂದು ಅಧ್ಯಕ್ಷ ಶೆರ್ಮಾರ್ಕೆ ಅವರನ್ನು ಕಾವಲಿನ ಪೊಲೀಸನೇ ಗುಂಡಿಕ್ಕಿ ಕೊಂದ. 21ರಂದು ಜನರಲ್ ಸಿಯಾದ್ ಬರ್ರೆ ಅಧಿಕಾರ ಕಸಿದುಕೊಂಡರು. ಅಂಥ ಸಂಸತ್ತನ್ನು ಉಳಿಸಲು ಬೀದಿಗಿಳಿಯುವ ಮನಸ್ಸು ಯಾರಿಗೂ ಇರಲಿಲ್ಲ.

ಆದನ್ ಬಂಧನ ಕಂಡರು. ಬಿಡುಗಡೆಯಾದ ಮೇಲೂ ದೇಶ ಬಿಡಲಿಲ್ಲ. ಮೊಗದಿಶುವಿನ ತೆಂಕಣಕ್ಕೆ ಜನಾಲೆ ಎಂಬ ಊರಿದೆ. ಶಬೆಲ್ಲೆಯ ನೀರನ್ನು ಕಾಲುವೆಗಳಲ್ಲಿ ಹಾಯಿಸಿ ಬಾಳೆ ಬೆಳೆಯುವ ಸೀಮೆ. ಅಲ್ಲಿ ಅವರ ತೋಟವಿತ್ತು. ಹುಟ್ಟೂರಿನ ನದಿಯೇ ತೋಟದ ಸೀಮೆಗೂ ನೀರುಣಿಸುತ್ತಿತ್ತು. ಅಲ್ಲಿ ಸುಮ್ಮನೆ ಬಾಳಬಹುದಿತ್ತು. ಆದರೆ 1990ರ ಮೇ ತಿಂಗಳಲ್ಲಿ, ಎಂಬತ್ತು ದಾಟಿದ ಆ ಹಿರಿಯರು ಬರ್ರೆ ಸರ್ವಾಧಿಕಾರದ ವಿರುದ್ಧದ ಮೊಗದಿಶು ಪ್ರಣಾಳಿಕೆಗೆ ಸಹಿ ಹಾಕಿದರು. ಸಹಿ ಮಾಡಿದವರಲ್ಲಿ ಹಲವರು ಜೈಲು ಸೇರಿದರು. ಮುಂದಿನ ಜನವರಿಯಲ್ಲಿ ಬರ್ರೆ ಓಡಿಹೋದರು, ಹಿಂದೆಯೇ ದೇಶವೂ ಚೂರಾಯಿತು. ಮುಪ್ಪಿನಲ್ಲಿ ಅದನ್ನೆಲ್ಲ ಕಣ್ಣಾರೆ ನೋಡಬೇಕಾಗಿ ಬಂದದ್ದು ನೆನೆದರೆ ಸಂಕಟವಾಗುತ್ತದೆ. 2007ರ ಜೂನ್ 8ರಂದು ನೈರೋಬಿಯಲ್ಲಿ ಅವರು ತೀರಿಕೊಂಡರು.

ಮೊಗದಿಶುವಿನ ವಿಮಾನ ನಿಲ್ದಾಣಕ್ಕೆ ಈಗ ಅವರದೇ ಹೆಸರು. 2021ರಲ್ಲಿ ಅವಧಿ ಮುಗಿದರೂ ಅಧ್ಯಕ್ಷ ಫರ್ಮಾಜೊ ಇಳಿಯಲಿಲ್ಲ. ಕೆಳಮನೆ ಎರಡು ವರ್ಷ ವಿಸ್ತರಣೆ ಕೊಡಲು ಹೊರಟಾಗ ರಾಜಧಾನಿಯ ಬೀದಿಗಳಲ್ಲೇ ಗುಂಡಿನ ಕಾಳಗವಾಯಿತು. ಕೊನೆಗೆ 2022ರ ಮೇ 15ರಂದು ಅದೇ ವಿಮಾನ ನಿಲ್ದಾಣದ ಬಿಗಿಕಾವಲಿನ ಆವರಣದಲ್ಲಿ ಸಂಸದರು ಮತ ಹಾಕಿದರು. ಫರ್ಮಾಜೊ 110 ಮತ ಪಡೆದು ಹಸನ್ ಶೇಖ್ ಮೊಹಮುದ್ ಎದುರು ಸೋತರು, ಸೋಲನ್ನು ಒಪ್ಪಿಕೊಂಡರು. ಇದು ಸಮಾಧಾನದ ಸಂಗತಿ, ನಿಜ. ಆದರೆ ಆ ಸಂಸದರನ್ನು ಆರಿಸಿದ್ದು ಕುಲಗಳ ಪ್ರತಿನಿಧಿಗಳು. ಸಾಮಾನ್ಯ ಸೋಮಾಲಿ ಪ್ರಜೆಗೆ 1969ರ ನಂತರ ಅಂದಿನವರೆಗೂ ತನ್ನ ಸಂಸದನನ್ನು ನೇರವಾಗಿ ಆರಿಸುವ ಮತಪತ್ರ ಸಿಕ್ಕಿರಲಿಲ್ಲ.